ಗಲಿ ಖಾಸಿಂ ಜಾನ್ ಮತ್ತು ಮಿರ್ಜಾ ಗಾಲಿಬ್

ಹಳೆ ದಿಲ್ಲಿಯ ಬಲ್ಲಿಮಾರಾನ್‌ನಲ್ಲಿರುವ ಈ ಗಲ್ಲಿಗೆ ಹೆಸರು ಬಂದದ್ದು 18ನೇ ಶತಮಾನದಲ್ಲಿ ಮಧ್ಯ ಏಷ್ಯಾದಿಂದ ಬಂದ ಸರದಾರ ಖಾಸಿಂ ಜಾನ್‌ರಿಂದ. ಅವರ ಸಹೋದರ ಆರಿಫ್ ಜಾನ್‌ರ ಮೊಮ್ಮಗಳೇ ಉಮರಾವ್ ಬೇಗಂ. 1797ರಲ್ಲಿ ಆಗ್ರಾದಲ್ಲಿ ಹುಟ್ಟಿದ ಗಾಲಿಬರ ನಿಕಾಹ್ ಹದಿಮೂರನೇ ವಯಸ್ಸಿನಲ್ಲಿ ಇವರೊಂದಿಗೆ ನಡೆಯಿತು. ಹೆಸರಿನ ಗಲ್ಲಿ ಬೀಗರದೇ, ಆದರೆ ಗಾಲಿಬರಿಗೆ ಸ್ವಂತ ಮನೆಯೇ ಇರಲಿಲ್ಲ ನೋಡಿ! ಆಯುಷ್ಯವೆಲ್ಲ ಬಾಡಿಗೆ ಮನೆಗಳಲ್ಲೇ ಕಳೆಯಿತು. ಹುಟ್ಟಿದ ಏಳು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ.

1857ರಲ್ಲಿ ದಿಲ್ಲಿ ಮತ್ತೆ ಬ್ರಿಟಿಷರ ವಶವಾದಾಗ ಈ ನೆರೆಹೊರೆಯನ್ನು ಕಾಯ್ದದ್ದು ಪಟಿಯಾಲ ಮಹಾರಾಜರ ಸಿಪಾಯಿಗಳು. ಅಲ್ಲಿನ ಹಕೀಮರು ಮಹಾರಾಜರ ಸೇವೆಯಲ್ಲಿದ್ದರು. ಗಾಲಿಬರು ಬದುಕುಳಿದರು, ಬೇರೆಡೆ ಇದ್ದ ತಮ್ಮ ಯೂಸುಫ್ ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು.

1869ರ ಫೆಬ್ರವರಿ 15ರಂದು ಗಾಲಿಬರು ಈ ಗಲ್ಲಿಯಲ್ಲೇ ನಿಧನರಾದರು. ಮುಂದೆ ಅಂಗಡಿ, ಕಾರ್ಖಾನೆಗಳ ಪಾಲಾಗಿದ್ದ ಆ ಬಾಡಿಗೆ ಮನೆಯ ಒಂದು ಭಾಗವನ್ನು ಬಿಡಿಸಿ 2000ದಲ್ಲಿ ಸ್ಮಾರಕ ಮಾಡಲಾಯಿತು.