ಗಾಳಿ ಟೈರಿನ ಡನ್‌ಲಪ್



ಈ ಸಂಚಿಕೆಗೆ ನಾನು ಒಬ್ಬ ದನದ ಡಾಕ್ಟರ ಜೀವನ ಚರಿತ್ರೆ ಬರೆದಿದ್ದೇನೆ. ಗೋಡೆ ಪತ್ರಿಕೆಗೆ ದನದ ಡಾಕ್ಟರು ಯಾಕೆ ಅಂತ ನಗಬೇಡಿ. ನಮ್ಮ ಆನೇಕಲ್ ತಾಲ್ಲೂಕಿನಲ್ಲಿ ಬೆಳಗಾದರೆ ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿ ಅಂತ ಬೈಕು, ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ಎಲ್ಲರೂ ಆ ಡಾಕ್ಟರ ಬುದ್ಧಿಯ ಮೇಲೆ ಕೂತೇ ಹೋಗುವುದು. ಅವರ ಹೆಸರು ಜಾನ್ ಬಾಯ್ಡ್ ಡನ್‌ಲಪ್.

ಜನನ ಮತ್ತು ವಿದ್ಯಾಭ್ಯಾಸ

ಡನ್‌ಲಪ್ ಅವರು 1840ನೇ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡ್ ದೇಶದ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರದು ನಮ್ಮ ಹಾಗೆ ಬೇಸಾಯದ ಮನೆತನ. ಆದರೆ ಹುಡುಗನ ಮೈಯಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಹೊಲದ ಕೆಲಸ ಇವನ ಕೈಲಿ ಆಗೋದಿಲ್ಲ ಅಂತ ಮನೆಯವರು ಓದಿಗೆ ಹಾಕಿದರು. ಎಡಿನ್‌ಬರೋ ನಗರದಲ್ಲಿ ಪಶುವೈದ್ಯ ಓದಿ 19ನೇ ವಯಸ್ಸಿಗೇ ಡಾಕ್ಟರಾದರು. 1867ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿದರು. ಕೊನೆಗೆ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಅವರ ಆಸ್ಪತ್ರೆ ಆ ಕಡೆಯ ದೊಡ್ಡ ಪಶು ಆಸ್ಪತ್ರೆಗಳಲ್ಲಿ ಒಂದು ಎನ್ನಿಸಿಕೊಂಡಿತು. ಕುದುರೆ ಗಾಡಿಗಳ ಕಾಲ ಅದು, ಡಾಕ್ಟರಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಮಗನ ಮೂರು ಚಕ್ರದ ಸೈಕಲ್

ಡನ್‌ಲಪ್ ಅವರಿಗೆ ಜಾನಿ ಅಂತ ಒಂಬತ್ತು ಹತ್ತು ವರ್ಷದ ಮಗನಿದ್ದ. ಅವನ ಹತ್ತಿರ ಮೂರು ಚಕ್ರದ ಸೈಕಲ್ ಇತ್ತು. ಆಗಿನ ಸೈಕಲ್ ಚಕ್ರಕ್ಕೆ ಟ್ಯೂಬೂ ಇಲ್ಲ ಗಾಳಿಯೂ ಇಲ್ಲ, ಗಟ್ಟಿ ರಬ್ಬರ್ ಪಟ್ಟಿ ಅಷ್ಟೆ. ಬೆಲ್‌ಫಾಸ್ಟಿನ ಬೀದಿಗಳಿಗೆ ಕಲ್ಲು ಹಾಸಿದ್ದರು. ಸೈಕಲ್ ಓಡಿಸಿದರೆ ಮೈಕೈಯೆಲ್ಲ ಅದುರುತ್ತಿತ್ತು. ಎತ್ತಿನಗಾಡಿಯ ಕಬ್ಬಿಣದ ಪಟ್ಟಿ ಚಕ್ರದ ಮೇಲೆ ಕೂತವರಿಗೆ ಅದು ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ.

ಬೇರೆ ಅಪ್ಪಂದಿರಾಗಿದ್ದರೆ ನಿಧಾನಕ್ಕೆ ಓಡಿಸೋ ಅಂತ ಗದರಿಸಿ ಸುಮ್ಮನಾಗುತ್ತಿದ್ದರೋ ಏನೋ. ಡನ್‌ಲಪ್ ಮಾತ್ರ 1887ರ ಅಕ್ಟೋಬರಿನಲ್ಲಿ ಯೋಚನೆಗೆ ಕೂತರು. ಒಂದು ಮರದ ಚಕ್ರ ತಗೊಂಡರು. ತೆಳು ರಬ್ಬರ್ ಹಾಳೆಯಿಂದ ಕೊಳವೆ ಮಾಡಿ ಅದರ ಸುತ್ತ ಸುತ್ತಿದರು. ಮೇಲೆ ಬಟ್ಟೆ ಎಳೆದು ಮೊಳೆ ಹೊಡೆದು ಕೂರಿಸಿದರು. ಫುಟ್‌ಬಾಲಿಗೆ ಗಾಳಿ ಹಾಕುವ ಪಂಪಿನಿಂದ ಗಾಳಿ ತುಂಬಿದರು. ಆಮೇಲೆ ಅಂಗಳದಲ್ಲಿ ಸೈಕಲ್ಲಿನ ಹಳೇ ಚಕ್ರವನ್ನೂ ಈ ಹೊಸ ಚಕ್ರವನ್ನೂ ಒಂದಾದ ಮೇಲೆ ಒಂದು ಉರುಳಿಸಿಬಿಟ್ಟರು. ಹಳೇದು ಸ್ವಲ್ಪ ದೂರ ಹೋಗಿ ಬಿತ್ತು. ಗಾಳಿ ತುಂಬಿದ್ದು ಅಂಗಳ ದಾಟಿ ಹೋಗಿ ಗೇಟಿನ ಕಂಬಕ್ಕೆ ಹೊಡೆದು ನಿಂತಿತು! ಆಗ ಅವರಿಗೆ ಧೈರ್ಯ ಬಂತು. ಸೈಕಲ್ಲಿನ ಹಿಂದಿನ ಎರಡು ಚಕ್ರಕ್ಕೂ ಅದೇ ರೀತಿ ಮಾಡಿ ಕೂರಿಸಿದರು. 1888ರ ಫೆಬ್ರವರಿ 28ರ ರಾತ್ರಿ ಜಾನಿ ಗಾಳಿ ಟೈರಿನ ಮೇಲೆ ಸವಾರಿ ಹೊರಟ. ಅದೇ ವರ್ಷ ಡಿಸೆಂಬರ್ 7ಕ್ಕೆ ಡನ್‌ಲಪ್ ಅವರಿಗೆ ಪೇಟೆಂಟ್ ಸಿಕ್ಕಿತು.

ನಕ್ಕವರು ಸುಮ್ಮನಾದರು

1889ರ ಮೇ 18ರಂದು ಬೆಲ್‌ಫಾಸ್ಟಿನಲ್ಲಿ ಸೈಕಲ್ ಪಂದ್ಯ ನಡೆಯಿತು. ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರಿನ ಸೈಕಲ್ ತಂದಿದ್ದ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹ್ಯೂಮ್ ಅವತ್ತು ನಾಲ್ಕು ಪಂದ್ಯಕ್ಕೆ ನಾಲ್ಕನ್ನೂ ಗೆದ್ದ. ಅಲ್ಲಿಗೆ ನಗು ನಿಂತಿತು. ಹಾರ್ವೆ ಡು ಕ್ರಾಸ್ ಎಂಬ ವ್ಯಾಪಾರಿ ಡನ್‌ಲಪ್ ಜೊತೆ ಸೇರಿ ಅದೇ ವರ್ಷ ಟೈರಿನ ಕಂಪನಿ ತೆಗೆದರು.

ಬಂತು ತೊಂದರೆ

ಇಷ್ಟರಲ್ಲಿ ಒಂದು ವಿಷಯ ಹೊರಬಿತ್ತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದರು. ಆವಾಗ ಸೈಕಲ್ಲು ಇನ್ನೂ ರೂಢಿಗೆ ಬಂದಿರಲಿಲ್ಲ. ಒಳ್ಳೆ ತೆಳು ರಬ್ಬರ್ ಸಿಗುವುದೂ ಕಷ್ಟ. ಅದಕ್ಕೇ ಎಲ್ಲರೂ ಮರೆತುಬಿಟ್ಟಿದ್ದರು. ಡನ್‌ಲಪ್ ಅವರಿಗೂ ಅದು ಗೊತ್ತಿರಲಿಲ್ಲ. ಹೀಗಾಗಿ 1890ರಲ್ಲಿ ಅವರ ಪೇಟೆಂಟ್ ಬಿದ್ದು ಹೋಯಿತು. ಮೊದಲು ಕಂಡುಹಿಡಿದವರು ಥಾಮ್ಸನ್, ಜನರ ಬಳಕೆಗೆ ತಂದವರು ಡನ್‌ಲಪ್. ನಮ್ಮ ಕ್ವಿಜ್ಜಿನಲ್ಲಿ ಈ ಪ್ರಶ್ನೆ ಬಂದರೆ ಇಬ್ಬರ ಹೆಸರನ್ನೂ ಹೇಳುವುದೇ ನ್ಯಾಯ ಅಂತ ನನ್ನ ಅಭಿಪ್ರಾಯ.

ಇನ್ನೊಂದು ತೊಂದರೆ ಪಂಚರ್. ಮೊದಮೊದಲು ಟೈರನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. ಪಂಚರ್ ಆದರೆ ಎಲ್ಲ ಕಿತ್ತು ಮತ್ತೆ ಅಂಟಿಸಬೇಕು. 1890ರಲ್ಲಿ ವೆಲ್ಚ್ ಎಂಬುವರು ಅಂಚಿನಲ್ಲಿ ತಂತಿ ಇರುವ ಟೈರ್ ಮಾಡಿದರು. ಇವತ್ತಿಗೂ ಪಂಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿದಾಗ ಅಂಚು ಗಟ್ಟಿಯಾಗಿರುತ್ತಲ್ಲ, ಅದರೊಳಗೆ ತಂತಿ ಇದೆ. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಅಣ್ಣತಮ್ಮಂದಿರು ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಬರುವ ಪಂದ್ಯಕ್ಕೆ ಗಾಳಿ ಟೈರಿನ ಕಾರು ತಂದರು. ದಾರಿಯಲ್ಲಿ 22 ಟ್ಯೂಬು ಮುಗಿದವಂತೆ! ಆದರೂ ಕಾರಿಗೂ ಗಾಳಿ ಟೈರ್ ಆಗುತ್ತೆ ಅಂತ ಲೋಕಕ್ಕೆ ಗೊತ್ತಾಯಿತು.

ನಮ್ಮ ಮನೆಯ ಹೊಸ ಬೈಕು

ಡನ್‌ಲಪ್ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದಕ್ಕೂ ಒಂದು ಕಾರಣ ಉಂಟು. ನಮ್ಮ ಚಿಕ್ಕಪ್ಪ ಜಿಗಣಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಸಾಲ ಮಾಡಿ ಹೊಸ ಬೈಕ್ ತಂದರು. ಪೂಜೆಯ ಹೂವು ಬಾಡುವ ಮುಂಚೆಯೇ ಹಿಂದಿನ ಟೈರಿನಲ್ಲಿ ದಿನಾ ಗಾಳಿ ಇಳಿಯತೊಡಗಿತು. ಮಾರಿದ ಅಂಗಡಿಗೆ ಹೋದರೆ, ಟೈರ್ ನಮ್ಮದಲ್ಲ ಟೈರ್ ಕಂಪನಿಯನ್ನ ಕೇಳಿ ಅಂದರು. ಸೆಕೆಂಡ್ ಶಿಫ್ಟ್ ಮುಗಿದು ಚಿಕ್ಕಪ್ಪ ಬರುವುದು ರಾತ್ರಿ ಹನ್ನೊಂದೂವರೆಗೆ. ಆ ರಸ್ತೆಯಲ್ಲಿ ಕಲ್ಲು, ಜಲ್ಲಿ ಹೊತ್ತ ಟಿಪ್ಪರ್‌ಗಳ ಓಡಾಟ. ಅಂಥ ಕಡೆ ಹಿಂದಿನ ಟೈರ್ ಕೂತರೆ ಗತಿಯೇನು? ಅವರು ಬರುವವರೆಗೂ ಅಜ್ಜಿ ಬಾಗಿಲಲ್ಲೇ ಕೂತಿರುತ್ತಿದ್ದರು.

ಕೊನೆಗೆ ನಮ್ಮೂರ ಗೇಟಿನ ಪಂಚರ್ ಅಂಗಡಿ ಅಣ್ಣ ಸೋಪಿನ ನೀರು ತಂದು ಟೈರಿನ ಸುತ್ತ ಸವರಿದರು. ಟೈರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ರಿಮ್ಮಿಗೆ ವಾಲ್ವ್ ಕೂರಿಸಿದ್ದ ಬುಡದಲ್ಲಿ ಮಾತ್ರ ಬುಳುಬುಳು ಅಂತ ಗುಳ್ಳೆ ಬಂತು. ವಾಲ್ವ್ ಬದಲಾಯಿಸಿದರು. ಕಾಲು ಗಂಟೆಯ ಕೆಲಸ ಅಷ್ಟೆ. ಆವತ್ತಿನಿಂದ ಗಾಳಿ ಇಳಿದಿಲ್ಲ. ಗಾಳಿ ಹಿಡಿದಿಡುವುದೇ ಟೈರಿನ ಅರ್ಧ ವಿದ್ಯೆ ಅಂತ ಅವತ್ತು ಗೊತ್ತಾಯಿತು. ನಮ್ಮ ಸೈಕಲ್ಲಿಗೆ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸುವ ವಾಲ್ವ್ ಇದೆಯಲ್ಲ, ಅದಕ್ಕೆ ಹೊರದೇಶಗಳಲ್ಲಿ ಡನ್‌ಲಪ್ ವಾಲ್ವ್ ಅಂತಲೇ ಹೆಸರು.

ಕೊನೆಯ ದಿನಗಳು

ಡನ್‌ಲಪ್ 1895ರಲ್ಲಿ ಕಂಪನಿಯಿಂದ ಹೊರಬಂದರು. ಮರುವರ್ಷವೇ ಆ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಅವರ ಹೆಸರು ಊರೂರಿಗೆ ಹೋಯಿತು, ದೊಡ್ಡ ದುಡ್ಡು ಮಾತ್ರ ಬೇರೆಯವರ ಪಾಲಾಯಿತು. ಅವರು ಡಬ್ಲಿನ್ ನಗರದಲ್ಲಿ ಬಾಳಿ 1921ರ ಅಕ್ಟೋಬರ್ 23ರಂದು ತೀರಿಕೊಂಡರು. ಆಗ ಅವರಿಗೆ 81 ವರ್ಷ. ಅವರ ಹೆಸರಿನ ಕಂಪನಿ ನಮ್ಮ ದೇಶದಲ್ಲೂ ಬಂಗಾಳದ ಸಾಹಾಗಂಜಿನಲ್ಲಿ ದೊಡ್ಡ ಕಾರ್ಖಾನೆ ನಡೆಸಿತ್ತು. ಈಗ ಅದು ಮುಚ್ಚಿದೆ.

ನಿಮ್ಮ ಮನೆಗೆ ಹೊಸ ಗಾಡಿ ಬಂದರೆ

1. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ. 1225 ಅಂತಿದ್ದರೆ 2025ನೇ ಇಸವಿಯ 12ನೇ ವಾರದಲ್ಲಿ ತಯಾರಾದ ಟೈರ್. ಗಾಡಿ ಹೊಸದಾದರೂ ಟೈರ್ ಹಳೇದಿರಬಹುದು, ನೋಡಿ.

2. ಗಾಳಿಯನ್ನು ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿದ್ದಾಗ ಅಳತೆ ಮಾಡಿಸಬೇಕು. ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತೆ.

3. ಟೈರಿಗೆ ಬೇರೆ ವಾರಂಟಿ ಇರುತ್ತೆ. ಬಿಲ್ಲು ಮತ್ತು ಕಾಗದ ಜೋಪಾನ ಮಾಡಿ.

4. ಟೈರಿನ ಪಕ್ಕ ಉಬ್ಬಿಕೊಂಡಿದ್ದರೆ ಆ ಗಾಡಿ ಓಡಿಸಲೇಬೇಡಿ, ದೊಡ್ಡವರಿಗೆ ಹೇಳಿ.

5. ರಸ್ತೆಯಲ್ಲಿ ಮೊಳೆ ಕಂಡರೆ ಎತ್ತಿ ಪಕ್ಕಕ್ಕೆ ಹಾಕಿ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಬ್ಬ ಎಂಜಿನಿಯರು ಅಯಸ್ಕಾಂತ ಹಿಡಿದು ಕೆಜಿಗಟ್ಟಲೆ ಮೊಳೆ ಆಯ್ದದ್ದು ಪೇಪರಿನಲ್ಲಿ ಬಂದಿತ್ತು.

ಗೆಳೆಯರೇ, ಡನ್‌ಲಪ್ ಎಂಜಿನಿಯರಿಂಗ್ ಓದಿದವರಲ್ಲ. ಮಗನಿಗೆ ಆಗುತ್ತಿದ್ದ ಕಷ್ಟ ಅವರ ಕಣ್ಣಿಗೆ ಬಿತ್ತು, ಅಂಗಳದಲ್ಲಿ ಎರಡು ಚಕ್ರ ಉರುಳಿಸಿ ನೋಡಿದರು. ಇದ್ದದ್ದು ಇದ್ದ ಹಾಗೇ ಇರಲಿ ಅಂತ ಬಿಡದೆ ಉರುಳಿಸಿ ನೋಡುವವರು ನಮ್ಮ ಶಾಲೆಯಿಂದಲೂ ಬರಲಿ ಅಂತ ಕೇಳಿಕೊಂಡು ಮುಗಿಸುತ್ತೇನೆ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ