ಹೆಪ್ಪಿನ ಹಿರಿಮೆಯನ್ನರಿತ ಮೆಚ್ನಿಕಾಫ್

ಅರಸೀಕೆರೆ, ಬೇಲೂರು, ಹಳೇಬೀಡುಗಳ ಮನೆಮನೆಗಳಲ್ಲಿ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ತುಸು ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಗಟ್ಟಿಮೊಸರು ಸಿದ್ಧವಾಗುವುದು. ಈ ಕಾರ್ಯವನ್ನೆಸಗುವವು ಕಣ್ಣಿಗೆ ಕಾಣದ ಜೀವಾಣುಗಳು. ಜೀವಾಣುವೆಂದರೆ ರೋಗವೇ ಎಂದು ಜಗತ್ತು ಬೆದರಿದ್ದ ಕಾಲದಲ್ಲಿ, ಅವುಗಳಲ್ಲಿ ಮನುಷ್ಯನ ಮಿತ್ರರೂ ಉಂಟೆಂದು ಸಾರಿದ ಮಹನೀಯರು ಇಲ್ಯಾ ಮೆಚ್ನಿಕಾಫ್ ಅವರು.

ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಉಕ್ರೇನಿನಲ್ಲಿರುವ ಖಾರ್ಕಿವ್ ಪ್ರಾಂತದಲ್ಲಿ 1845ರಲ್ಲಿ ಜನಿಸಿದ ಮೆಚ್ನಿಕಾಫರು ಪ್ರಾಣಿಶಾಸ್ತ್ರದಲ್ಲಿ ಪಾರಂಗತರಾಗಿ ಒಡೆಸ್ಸಾದ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. 1873ರಲ್ಲಿ ಪತ್ನಿ ಲುದ್ಮಿಲಾ ಕ್ಷಯರೋಗಕ್ಕೆ ಬಲಿಯಾದಾಗ ಅವರಿಗೆ ಬದುಕೇ ಬೇಡವಾಯಿತು. ಪ್ರಾಣವನ್ನು ನೀಗಲು ಯತ್ನಿಸಿಯೂ ಉಳಿದುಕೊಂಡರು. ಸಾವನ್ನು ಬಯಸಿದ್ದ ಅದೇ ಜೀವವು ಮುಂದೆ ದೀರ್ಘಾಯುಷ್ಯದ ಶೋಧದಲ್ಲಿ ತೊಡಗಿದುದು ವಿಧಿಯ ವೈಚಿತ್ರ್ಯವೇ ಸರಿ.

1882ರಲ್ಲಿ ಇಟಲಿಯ ಮೆಸ್ಸಿನಾ ಪಟ್ಟಣದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ದೇಹಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟರು. ಮರುದಿನ ನೋಡಿದರೆ ಸಂಚಾರಿ ಕೋಶಗಳು ಮುಳ್ಳನ್ನು ಮುತ್ತಿದ್ದವು. ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುತ್ತವೆಂಬ ಸಿದ್ಧಾಂತವು ಅಲ್ಲಿ ಮೊಳೆಯಿತು. 1888ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯನ್ನು ಸೇರಿದ ಅವರಿಗೆ 1908ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅವರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು.

ಇಬ್ಬರ ಹಾದಿಗಳೂ ಬೇರೆ. ಎರ್ಲಿಕ್ಕರು ರೋಗಾಣುವನ್ನು ಕೊಲ್ಲುವ ರಾಸಾಯನಿಕವನ್ನು ಅರಸಿದರು. ಮೆಚ್ನಿಕಾಫರು ಕೆಟ್ಟ ಜೀವಾಣುವಿಗೆ ಒಳ್ಳೆಯ ಜೀವಾಣುವನ್ನು ಇದಿರುನಿಲ್ಲಿಸಬಯಸಿದರು. ಹುಳಿಮೊಸರುಣ್ಣುವ ಬಲ್ಗೇರಿಯದ ರೈತರು ದೀರ್ಘಾಯುಗಳೆಂಬ ವಾರ್ತೆ ಅವರನ್ನು ಸೆಳೆಯಿತು. ಮೊಸರಿನ ಆಮ್ಲವು ಕರುಳಿನ ಕೊಳೆತವನ್ನು ತಡೆಯುವುದೆಂದು ಬಗೆದು ತಾವೂ ಅದನ್ನು ನಿತ್ಯ ಸೇವಿಸಿದರು. 1916ರಲ್ಲಿ ತಮ್ಮ 71ನೆಯ ವಯಸ್ಸಿನಲ್ಲಿ ಹೃದ್ರೋಗದಿಂದ ಕಾಲವಶರಾದರು. ಅವರ ಚಿತಾಭಸ್ಮವನ್ನು ಪಾಸ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.

ಬಲ್ಗೇರಿಯದ ಆ ಜೀವಾಣು ಮನುಷ್ಯನ ಕರುಳಿನಲ್ಲಿ ನೆಲೆಸದೆಂದು ಮುಂದಿನ ಸಂಶೋಧಕರು ತೋರಿಸಿದರು. ಆದರೂ ಬಿತ್ತಿದ ಬೀಜ ವ್ಯರ್ಥವಾಗಲಿಲ್ಲ. ಎರ್ಲಿಕ್ಕರ ಹಾದಿಯಲ್ಲಿ ಬಂದ ಔಷಧಿಗಳು ಅಸಂಖ್ಯ ಜೀವಗಳನ್ನುಳಿಸಿದರೂ, ಮಿತಿಮೀರಿದ ಬಳಕೆಯಿಂದ ಹಲವು ರೋಗಾಣುಗಳು ಇಂದು ಅವಕ್ಕೆ ಮಣಿಯುತ್ತಿಲ್ಲ. ಆದುದರಿಂದಲೇ ವಿಜ್ಞಾನವು ಮೆಚ್ನಿಕಾಫರ ಹಾದಿಯತ್ತ ಮತ್ತೆ ಹೊರಳಿದೆ. 1917ರಲ್ಲಿ ಜರ್ಮನಿಯ ಆಲ್ಫ್ರೆಡ್ ನಿಸ್ಲೆ ಅವರು, ಸಂಗಡಿಗರು ಅತಿಸಾರದಿಂದ ನರಳಿದರೂ ತಾನು ಆರೋಗ್ಯವಾಗಿದ್ದ ಯೋಧನೊಬ್ಬನ ಕರುಳಿನಿಂದ ಹಿತಕಾರಿ ಜೀವಾಣುವೊಂದನ್ನು ಬೇರ್ಪಡಿಸಿದ್ದರು. ಸಿಂಗಪುರದ ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಮಾರ್ಪಡಿಸಿ, ಸ್ಯೂಡೊಮೋನಾಸ್ ಎಂಬ ರೋಗಾಣುವನ್ನು ಗುರುತಿಸಿ ಕೊಲ್ಲುವಂತೆ ಮಾಡಿದರು. ಇಲಿಗಳಲ್ಲಿ ಅದು ಫಲ ನೀಡಿತೆಂದು 2017ರಲ್ಲಿ ಪ್ರಕಟಿಸಿದರು. ಮನುಷ್ಯರ ಚಿಕಿತ್ಸೆಯಾಗಿ ಅದು ಇನ್ನೂ ಬಳಕೆಗೆ ಬಂದಿಲ್ಲ. ಆದರೆ ಮಿತ್ರಜೀವಾಣುವಿನಿಂದ ಶತ್ರುಜೀವಾಣುವನ್ನು ಗೆಲ್ಲಬೇಕೆಂಬ ಮೆಚ್ನಿಕಾಫರ ಹಂಬಲವು, ಅವರು ಕಾಲವಾಗಿ ಶತಮಾನ ಕಳೆದ ಮೇಲೂ, ಪ್ರಯೋಗಶಾಲೆಗಳಲ್ಲಿ ಜೀವಂತವಾಗಿದೆ.