ಸರಹದ್ದಿನ ದೇವಸೇವಕ

ಶಸ್ತ್ರವಿಲ್ಲದವನು ಶಾಂತನಾಗಿರುವುದು ಸೋಜಿಗವಲ್ಲ. ಶಸ್ತ್ರವಿದ್ದು, ಅದನ್ನು ಪ್ರಯೋಗಿಸುವ ಬಲವೂ ಇದ್ದು, ವ್ರತಕ್ಕಾಗಿ ಅದನ್ನು ಕೆಳಗಿಟ್ಟವನ ಶಾಂತಿಯೇ ನಿಜವಾದ ಶಾಂತಿ. ವಾಯವ್ಯ ಸರಹದ್ದಿನ ಪಠಾಣರಿಗೆ ಇಂತಹ ವ್ರತವನ್ನು ಕೊಟ್ಟ ಮಹನೀಯರು ಖಾನ್ ಅಬ್ದುಲ್ ಗಫಾರ್ ಖಾನರು.

ಪೇಶಾವರದ ಸಮೀಪದ ಉತ್ಮಾನ್‌ಜೈ ಗ್ರಾಮದಲ್ಲಿ, ಬೆಹರಾಮ್ ಖಾನರೆಂಬ ಭೂಮಾಲಿಕರ ಪುತ್ರರಾಗಿ ಅವರು 1890ರಲ್ಲಿ ಜನಿಸಿದರು. ಯೌವನದಲ್ಲಿ ಸೈನ್ಯದ ಅಧಿಕಾರಿಪದವಿಯು ತಾನಾಗಿ ಒದಗಿಬಂದಿತ್ತು. ಆದರೆ ಸ್ವಜನನಾದ ಅಧಿಕಾರಿಯೊಬ್ಬನನ್ನು ಆಂಗ್ಲನು ಅವಮಾನಗೊಳಿಸಿದುದನ್ನು ಕಂಡು ಆ ಪದವಿಯನ್ನು ತೊರೆದರು. ಅವರ ನಾಡಿನಲ್ಲಿ ಕೊಲೆಗೆ ಕೊಲೆಯೇ ಉತ್ತರವಾಗಿ, ಹಗೆಯು ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿದುಬರುತ್ತಿತ್ತು. ಈ ರೋಗಕ್ಕೆ ವಿದ್ಯೆಯೇ ಮೊದಲ ಮದ್ದೆಂದು ಬಗೆದು, 1910ರಲ್ಲಿ ತಮ್ಮ ಊರಿನಲ್ಲಿಯೇ ಶಾಲೆಯನ್ನು ತೆರೆದರು. 1921ರಲ್ಲಿ ಆಜಾದ್ ಶಾಲೆಯನ್ನು ಸ್ಥಾಪಿಸಿದರು. ಅದೇ ವರ್ಷ ಸರ್ಕಾರವು ಅವರನ್ನು ಮೂರು ವರ್ಷಗಳ ಸೆರೆವಾಸಕ್ಕೆ ಗುರಿಮಾಡಿತು.

1929ರಲ್ಲಿ ಅವರು ಖುದಾಯಿ ಖಿದ್ಮತ್‌ಗಾರ್, ಎಂದರೆ ದೇವಸೇವಕರ ದಳವನ್ನು ಕಟ್ಟಿದರು. ದೇವರಿಗೆ ನಮ್ಮ ಸೇವೆಯಿಂದ ಆಗಬೇಕಾದುದೇನೂ ಇಲ್ಲ. ಆದುದರಿಂದ ಆತನ ಸೃಷ್ಟಿಯನ್ನು ಸೇವಿಸುವುದೇ ಆತನ ಸೇವೆಯೆಂಬುದು ಅವರ ಪ್ರತಿಜ್ಞೆಯ ತಿರುಳು. ಹಿಂಸೆಯನ್ನೂ ಸೇಡನ್ನೂ ಬಿಡಬೇಕು, ಪೀಡಿಸಿದವನನ್ನು ಕ್ಷಮಿಸಬೇಕು, ದಿನಕ್ಕೆ ಎರಡು ಗಂಟೆಯಾದರೂ ಸಮಾಜಸೇವೆಗೆ ಮೀಸಲಿಡಬೇಕು. ಬಿಳಿಯ ಬಟ್ಟೆ ಬೇಗನೆ ಮಾಸುವುದೆಂದು ಇಟ್ಟಿಗೆಗೆಂಪು ಬಣ್ಣದಲ್ಲಿ ಅದ್ದಿದ ಉಡುಪನ್ನು ಅವರು ಧರಿಸುತ್ತಿದ್ದರು.

ವ್ರತದ ಪರೀಕ್ಷೆಗೆ ತಡವಾಗಲಿಲ್ಲ. 1930ರ ಏಪ್ರಿಲ್ 23ರಂದು ಖಾನರು ಬಂಧಿತರಾದರು. ಅದೇ ದಿನ ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನೆರೆದಿದ್ದ ನಿರಾಯುಧ ಜನರ ಮೇಲೆ ಸೈನ್ಯವು ಗುಂಡಿನ ಮಳೆಗರೆಯಿತು. ಅನೇಕರು ಪ್ರಾಣತೆತ್ತರು. ಚಂದ್ರಸಿಂಹ ಗಢವಾಲಿಯವರೂ ಅವರ ಸಂಗಡಿಗರಾದ ಗಢವಾಲಿ ಸೈನಿಕರೂ ಗುಂಡು ಹಾರಿಸಲು ಒಪ್ಪದೆ ಕಠಿನ ಶಿಕ್ಷೆಯನ್ನು ಅನುಭವಿಸಿದರು. ಎದುರಾಳಿಯ ಕೈಯಲ್ಲಿದ್ದ ಬಂದೂಕವೇ ಮೌನವಾದುದು ಆ ದಿನದ ಮಹಿಮೆ.

ಸ್ವಾತಂತ್ರ್ಯವು ಬಂದರೂ ಖಾನರಿಗೆ ಸುಖವು ಬರಲಿಲ್ಲ. ದೇಶವಿಭಜನೆಯನ್ನು ಅವರು ಒಪ್ಪಿರಲಿಲ್ಲ. ಜೊತೆಗಾರರಾದ ಕಾಂಗ್ರೆಸ್ಸಿನವರೇ ಒಪ್ಪಿದಾಗ ಅವರು ಏಕಾಕಿಯಾದರು. 1948ರಲ್ಲಿ ಪಾಕಿಸ್ತಾನ ಸರ್ಕಾರವೂ ಅವರನ್ನು ಸೆರೆಗೆ ತಳ್ಳಿತು. ಪರರ ಆಳ್ವಿಕೆಯಲ್ಲಿಯೂ ತಮ್ಮವರ ಆಳ್ವಿಕೆಯಲ್ಲಿಯೂ ಸೇರಿ ಅವರು ಎರಡು ದಶಕಗಳಿಗೂ ಮಿಕ್ಕಿದ ಕಾಲವನ್ನು ಬಂಧನದಲ್ಲಿ ಕಳೆದರು. ಆದರೂ ಸೇಡಿನ ಹಾದಿಯನ್ನು ತುಳಿಯಲಿಲ್ಲ.

1987ರಲ್ಲಿ ಭಾರತವು ಅವರಿಗೆ ಭಾರತರತ್ನವನ್ನು ಅರ್ಪಿಸಿತು. 1988ರ ಜನವರಿ 20ರಂದು ಪೇಶಾವರದಲ್ಲಿ ದೇಹವನ್ನು ತ್ಯಜಿಸಿದ ಅವರನ್ನು, ಅವರ ಇಚ್ಛೆಯಂತೆ ಆಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ಸಮಾಧಿಮಾಡಲಾಯಿತು. ಆ ನಾಡಿನಲ್ಲಿ ಆಗ ಯುದ್ಧವು ನಡೆಯುತ್ತಿದ್ದರೂ, ಅವರ ಅಂತಿಮಯಾತ್ರೆಗಾಗಿ ಕದನವಿರಾಮವನ್ನು ಸಾರಿದರು.

ಸಾಮ್ರಾಜ್ಯವನ್ನು ಎದುರಿಸುವುದಕ್ಕೆ ಮುನ್ನ ಮನೆಯೊಳಗಿನ ಹಗೆಯನ್ನು ಗೆಲ್ಲಬೇಕೆಂದು ಕಲಿಸಿದ ಈ ಜೀವನವು ಪ್ರತಿಯೊಬ್ಬ ಗೃಹಸ್ಥನೂ ಮನನಮಾಡತಕ್ಕದ್ದಾಗಿದೆ.